ಇರ್ವಿನ್ ನಾಲೆಯ ಮೇಲೊಂದು ಕಿರುಸೇತುವೆ

ನಮ್ಮ ಬೆಳಗೋಡಿನ ಗುಡ್ಡಗಳ ಮೇಲೆ ಸುರಿದ ಮಳೆ ಹಳ್ಳಗಳ ಮೂಲಕ ಹೇಮಾವತಿಯನ್ನು ಸೇರಿ, ಗೊರೂರಿನ ಅಣೆಕಟ್ಟನ್ನು ದಾಟಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯೊಡನೆ ಬೆರೆಯುತ್ತದೆ. ಭೂಗೋಳದ ಪಾಠದಲ್ಲಿ ನಾನು ಇಷ್ಟನ್ನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಪಠ್ಯದಲ್ಲಿಲ್ಲದ ಮುಂದಿನ ಕಥೆಯನ್ನು ಈಗ ಬರೆಯುತ್ತಿದ್ದೇನೆ.

ಆ ನೀರಿನ ಒಂದು ಪಾಲು ಜಲಾಶಯದ ಎಡದಂಡೆಯಿಂದ ಹೊರಟು ಮಂಡ್ಯದ ಸೀಮೆಗೆ ಹೋಗುತ್ತದೆ. ಅದನ್ನು ಒಯ್ಯುವ ಕಾಲುವೆಗೆ ಇಂದಿನ ಹೆಸರು ವಿಶ್ವೇಶ್ವರಯ್ಯ ನಾಲೆ. ಹುಟ್ಟುಹೆಸರು ಮಾತ್ರ ಇರ್ವಿನ್ ನಾಲೆ. 1926ರಿಂದ 1931ರವರೆಗೆ ಭಾರತದ ವೈಸರಾಯ್ ಆಗಿದ್ದ, ಗಾಂಧೀಜಿಯವರೊಡನೆ 1931ರ ಮಾರ್ಚಿಯಲ್ಲಿ ಒಪ್ಪಂದ ಮಾಡಿಕೊಂಡ ಅದೇ ಲಾರ್ಡ್ ಇರ್ವಿನ್. ತೋಡಿದವರು ನಮ್ಮವರು, ಹಣ ಮೈಸೂರು ಸಂಸ್ಥಾನದ್ದು, ಹೆಸರು ಇಂಗ್ಲಿಷ್ ದೊರೆಯದು! ಅಣೆಕಟ್ಟಿನ ಕೆಲಸ 1911ರಲ್ಲಿಯೇ ಆರಂಭವಾಗಿತ್ತು. ಆದರೆ ನೀರಿನ ಹಂಚಿಕೆಯ ಕುರಿತು ಮದರಾಸಿನೊಡನೆ ಇದ್ದ ವ್ಯಾಜ್ಯ 1924ರ ಒಪ್ಪಂದದಲ್ಲಿ ಇತ್ಯರ್ಥವಾಗಿ, ಈ ಜಲಾಶಯದ ಕೆಳಗೆ 1,25,000 ಎಕರೆಗೆ ಹೊಸದಾಗಿ ನೀರುಣಿಸಲು ಅವಕಾಶ ದೊರೆತ ಬಳಿಕವೇ ನಾಲೆಯ ಕೆಲಸ ಭರದಿಂದ ನಡೆಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್.

ನಾಲೆಯ ಫಲ ನಿಮಗೆ ಗೊತ್ತೇ ಇದೆ. ರಾಗಿಯ ಹೊಲಗಳು ಗದ್ದೆಗಳಾದವು, ಕಬ್ಬು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಇವುಗಳನ್ನೆಲ್ಲ ಪುಸ್ತಕಗಳು ಹೇಳುತ್ತವೆ. ನನ್ನ ಗಮನ ಇರುವುದು ನಾಲೆಯ ಮೇಲಿನ ಸೇತುವೆಗಳ ಕಡೆಗೆ.

ಶ್ರವಣಬೆಳಗೊಳವನ್ನು ನೋಡಿಕೊಂಡು ನಾಗಮಂಗಲದ ಮೇಲೆ ಪಾಂಡವಪುರಕ್ಕೆ ಹೋಗುವಾಗ, ಬನಘಟ್ಟದ ಬಳಿ ರಸ್ತೆಗೆ ಈ ನಾಲೆ ಎದುರಾಗುತ್ತದೆ. ಶಾಲಾ ಪ್ರವಾಸದ ಬಸ್ಸಿನಲ್ಲಿ ಹುಡುಗರಿಗೆ ಆ ವೇಳೆಗೆ ಬೃಂದಾವನದ ಕಾರಂಜಿಯದೇ ಧ್ಯಾನ. ಕಿಟಕಿಯಾಚೆ ಒಂದು ಕ್ಷಣ ನೀರು ಕಾಣಿಸಿ ಮಾಯವಾದರೆ ಯಾರು ಗಮನಿಸುತ್ತಾರೆ? ಇಂತಹ ಚಿಕ್ಕ ಸೇತುವೆಗಳು ನಾಲೆಯುದ್ದಕ್ಕೂ ಅನೇಕ. ಕಾಲುವೆ ತೋಡಿದಾಗ ಊರೊಂದು ಕಡೆ, ಹೊಲವೊಂದು ಕಡೆ ಆಗುವುದು ಸಹಜ. ಎತ್ತಿನ ಗಾಡಿ ಆಚೆಗೆ ಹೋಗಬೇಕಲ್ಲ!

ಇಂಗ್ಲೆಂಡಿನ ಹಳೆಯ ಕಾಲುವೆಗಳ ಸೇತುವೆಗಳಿಗೂ ನಮ್ಮವಕ್ಕೂ ಒಂದು ಮುಖ್ಯ ಭೇದವಿದೆ. 1761ರಲ್ಲಿ ವರ್ಸ್ಲಿಯ ಗಣಿಯಿಂದ ಮ್ಯಾಂಚೆಸ್ಟರಿನ ಕಡೆಗೆ ಕಲ್ಲಿದ್ದಲು ಸಾಗಿಸಿದ ಬ್ರಿಜ್‌ವಾಟರ್ ಕಾಲುವೆಯಂಥವು ದೋಣಿಗಳಿಗಾಗಿ ಆದವು. ಕೆಳಗೆ ದೋಣಿ ನುಸುಳಬೇಕಾದುದರಿಂದ ಸೇತುವೆ ಎತ್ತಿನ ಹಿಣಿಲಿನಂತೆ ಉಬ್ಬಿರುತ್ತದೆ, ಇಕ್ಕೆಲದಲ್ಲಿ ಇಟ್ಟಿಗೆಯ ಕೈಗೋಡೆ. ದಡದ ಮೇಲೆ ನಡೆಯುತ್ತ ದೋಣಿಯನ್ನೆಳೆಯುತ್ತಿದ್ದ ಕುದುರೆಗಳ ಹಗ್ಗ ಉಜ್ಜಿ ಮೂಡಿದ ಗೀರುಗಳನ್ನು ಅಂತಹ ಸೇತುವೆಗಳಲ್ಲಿ ಇಂದಿಗೂ ಕಾಣಬಹುದು. ನಮ್ಮ ನಾಲೆಯದು ಗದ್ದೆಗೆ ಹೋಗುವ ನೀರು, ದೋಣಿಯ ಗೊಡವೆಯಿಲ್ಲ. ಆದ್ದರಿಂದ ಸೇತುವೆಯನ್ನು ನೀರಿನ ಮೇಲೆ ತಗ್ಗಾಗಿ, ಮಟ್ಟಸವಾಗಿ ಹಾಸಿದರೆ ಸಾಕು.

ಇನ್ನೊಂದು ಸಂಗತಿ. ನೀರು ತಾನಾಗಿ ಹರಿಯಬೇಕಾದರೆ ನಾಲೆ ನೆಲದ ಮಟ್ಟವನ್ನು ಅನುಸರಿಸಿ, ಅತ್ಯಲ್ಪ ಇಳಿಜಾರಿನಲ್ಲಿ, ಗುಡ್ಡದ ಮೈ ಸವರುತ್ತ ಬಳುಕಿಕೊಂಡು ಸಾಗಬೇಕು. ಬಳಸಲಾಗದ ಗುಡ್ಡ ಅಡ್ಡಬಂದುದರಿಂದಲೇ ಹುಲಿಕೆರೆಯಲ್ಲಿ ಮೂರು ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಸುರಂಗವನ್ನು ಕೊರೆದರು. ರಸ್ತೆಗಾದರೋ ನೇರ ಹೋಗುವ ಆತುರ. ಇವೆರಡೂ ಸಂಧಿಸುವಲ್ಲಿ ರಸ್ತೆ ಹಲವು ಕಡೆ ಏಕಾಏಕಿ ತಿರುಗಿ ಸೇತುವೆಯನ್ನು ಹಿಡಿಯುತ್ತದೆ, ಇಲ್ಲವೇ ಏರಿಯ ಮೇಲೆ ನೀರಿನ ಪಕ್ಕದಲ್ಲಿಯೇ ಓಡುತ್ತದೆ. ಎತ್ತಿಗೆ ಅದು ತೊಂದರೆಯಲ್ಲ. ಕತ್ತಲಲ್ಲಿಯೂ ದಾರಿ ಬಲ್ಲ ಪ್ರಾಣಿ ಅದು. ನೀರು ಕಂಡರೆ ನಿಲ್ಲುತ್ತದೆ.

ಬಸ್ಸು ನಿಲ್ಲುವುದಿಲ್ಲ. 2018ರ ನವೆಂಬರ್ 24ರಂದು, ಶನಿವಾರ, ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ಜೀವ ಕಳೆದುಕೊಂಡರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. ಅಂದು ರಾತ್ರಿ ಅಂಬರೀಶರು ತೀರಿಕೊಂಡರು. ಮಂಡ್ಯಕ್ಕೆ ಒಂದೇ ದಿನ ಎರಡು ಸೂತಕ. ಮತ್ತೆ 2023ರ ನವೆಂಬರಿನಲ್ಲಿ, ನಾನು ಮೇಲೆ ಹೇಳಿದ ಬನಘಟ್ಟದ ಬಳಿಯೇ ಕಾರೊಂದು ನಾಲೆಗೆ ಬಿದ್ದು ಐವರು ಸತ್ತರು. ಎರಡು ಸಲವೂ ಜನ ಕೇಳಿದ್ದು ಒಂದೇ: ತಡೆಗೋಡೆ ಏಕಿಲ್ಲ?

ಚಾಲಕನ ಅಜಾಗರೂಕತೆ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ನನ್ನ ಮಟ್ಟಿಗೆ ದೋಷ ಬೇರೆಡೆ ಇದೆ. ಎತ್ತಿನ ಗಾಡಿಯ ಕಾಲದ ದಾರಿಗೆ ಡಾಂಬರು ಹಾಕಿ ವೇಗವನ್ನು ಕೊಟ್ಟೆವು, ಗೋಡೆಯನ್ನು ಕೊಡಲಿಲ್ಲ. ತುಂಬಿದ ನಾಲೆಯ ದಂಡೆ ಇಳಿಜಾರು, ನುಣುಪು. ಈಜು ಬಲ್ಲವನಿಗೂ ಹಿಡಿದು ಮೇಲೇರಲು ಆಸರೆ ಸಿಗುವುದಿಲ್ಲ. ಸೊಂಟದೆತ್ತರದ ಒಂದು ಕಲ್ಲುಗೋಡೆಗೆ ಸುರಂಗ ಕೊರೆಯುವಷ್ಟು ವಿದ್ಯೆ ಬೇಕಿಲ್ಲ.

ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿ ಊರಿನ ಜಾತ್ರೆಗೆ ಆ ದಾರಿಯಲ್ಲಿ ಕಾರು ಓಡಿಸಿಕೊಂಡು ಬರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಬನಘಟ್ಟದ ಬಳಿ ನಿಧಾನವಾಗಿ ಬನ್ನಿ. ಸಾಧ್ಯವಾದರೆ ದೂರದಲ್ಲಿ ಗಾಡಿ ನಿಲ್ಲಿಸಿ ನಡೆದುಬಂದು ನೋಡಿ, ಕೆಳಗೆ ಹೋಗುತ್ತಿರುವ ನೀರಿನಲ್ಲಿ ನಮ್ಮೂರ ಮಳೆಯೂ ಇರುತ್ತದೆ.