ಲಂಬಾಣಿ ಕಸೂತಿ: ಹಳೆಯ ವಿನ್ಯಾಸ, ಹೊಸ ವಿನ್ಯಾಸ

ಲಂಬಾಣಿ ಕಸೂತಿ ಎಂದರೆ ಲಂಬಾಣಿ (ಬಂಜಾರ) ಹೆಂಗಸರು ತಮ್ಮ ಉಡುಗೆ ಮತ್ತು ಮನೆಬಳಕೆಯ ಬಟ್ಟೆಗಳ ಮೇಲೆ ಹಾಕುವ ಸೂಜಿ ಕೆಲಸ. ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ತಾಂಡಾಗಳೂ (ಲಂಬಾಣಿ ವಸತಿಗಳು) ಗಡಿಯಾಚೆಯ ಬೀದರ್, ಕಲಬುರಗಿ ತಾಂಡಾಗಳೂ ಈ ಕಲೆಯ ನೆಲೆಗಳು. ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಗೆ, ತಾಂಡೂರು ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಹೋದವು. ಇಂದು ಈ ಸಮುದಾಯ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮನೆಮಾತು ಗೋರಬೋಲಿ ಮಾತ್ರ ಎರಡೂ ಕಡೆ ಒಂದೇ.

17ನೆಯ ಶತಮಾನದಲ್ಲಿ ದಖ್ಖನ್ನಿಗೆ ಬಂದ ಮೊಘಲ್ ಸೈನ್ಯಗಳಿಗೆ ಹೇರೆತ್ತುಗಳ ಮೇಲೆ ದವಸ ಸಾಗಿಸಿದವರು ಈ ಲಂಬಾಣಿಗಳು. 19ನೆಯ ಶತಮಾನದಲ್ಲಿ ರೈಲು ಬಂದು ಆ ವ್ಯಾಪಾರ ಮುಗಿದ ಮೇಲೆ ತಾಂಡಾಗಳಲ್ಲಿ ನೆಲೆ ನಿಂತರು.

ಹಳೆಯ ಕೆಲಸದ ಹೃದಯ ಎಳೆ ಎಣಿಕೆ. ಯುರೋಪಿನ ಬಾಬಿನ್ ಲೇಸಿನಲ್ಲಿ ಚುಕ್ಕಿ ಚುಚ್ಚಿದ ನಕ್ಷೆಯನ್ನು ದಿಂಬಿಗೆ ಕೂರಿಸಿ, ಗುಂಡುಸೂಜಿಗಳ ಆಸರೆಯಲ್ಲಿ ನೂಲು ಹೆಣೆಯುತ್ತಾರೆ. ಲಂಬಾಣಿ ಹೆಂಗಸಿಗೆ ಕಾಗದದ ನಕ್ಷೆಯ ಹಂಗಿಲ್ಲ. ಒರಟು ಬಟ್ಟೆಯ ಹಾಸುಹೊಕ್ಕಿನ ಎಳೆಗಳನ್ನು ಎಣಿಸುತ್ತ ಚೌಕ, ತ್ರಿಕೋನ, ಓರೆಗೆರೆಗಳನ್ನು ಅವಳೇ ಕಟ್ಟುತ್ತಾಳೆ. ಕಲಿಕೆ ತಾಯಿಯಿಂದ, ಅತ್ತೆಯಿಂದ. ಪೇಟಿಯಾ (ಲಂಗ), ಬೆನ್ನು ತೆರೆದ ಕಾಂಚಳಿ, ತಲೆಯ ಮೇಲಿನ ಓಢಣಿ, ಹಣದ ಸಂಚಿ, ಕೊಡದ ಸಿಂಬಿ, ಎಲ್ಲಕ್ಕೂ ಕೆಂಪು, ಕಡುನೀಲಿ ನೆಲದ ಮೇಲೆ ಹಳದಿ, ಬಿಳಿ, ಹಸಿರು ನೂಲು. ಅಂಚಿಗೆ ಕನ್ನಡಿ ಬಿಲ್ಲೆ, ಕವಡೆ, ಹಳೆಯ ನಾಣ್ಯ, ಗೊಂಡೆ. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಕೀಲನ್, ವೇಲೆ, ಬಕ್ಯಾ, ಮಾಕಿ, ರೇಲೋ, ನಾಕ್ರಾ ಮೊದಲಾದ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ.

ಬದಲಾವಣೆಯ ಮೊದಲ ಹೆಜ್ಜೆ ತಾಂಡಾದ ಒಳಗೇ ಬಿತ್ತು. ಕಿರಿಯರು ಸೀರೆ, ಚೂಡಿದಾರಕ್ಕೆ ಹೊರಳಿದರು. ಹಳೆಯ ಉಡುಗೆ ಹಿರಿಯ ಹೆಂಗಸರಿಗೂ ತೀಜ್ ಹಬ್ಬ, ಸಮುದಾಯದ ಸಂತ ಸೇವಾಲಾಲ್ ಜಯಂತಿಯಂಥ ದಿನಗಳಿಗೂ ಉಳಿಯಿತು. ಪ್ಲಾಸ್ಟಿಕ್ ಕನ್ನಡಿ, ಬಜಾರಿನ ಸಿದ್ಧ ಲೇಸ್ ಪಟ್ಟಿ ಬಂದವು. ತೂಕ ಇಳಿಯಿತು, ಕಣ್ಣಿಗೆ ಆಯಾಸ ಕಡಿಮೆಯಾಯಿತು. ಎಣಿಕೆಯ ಹೊಲಿಗೆ ತೆಳುವಾಯಿತು.

ಇನ್ನೊಂದು ಹೊಸತನ ಮಾರುಕಟ್ಟೆಯದು. ಅದೇ ಸಂಡೂರಿನಲ್ಲಿ 1980ರ ದಶಕದಲ್ಲಿ ಮೊದಲಾದ ಸಂಡೂರು ಕುಶಲ ಕಲಾ ಕೇಂದ್ರ ಇದರ ಮುಖ್ಯ ನಿದರ್ಶನ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಂಥ ಕೆಲಸದಲ್ಲಿ ಕುರ್ತಾ, ದಿಂಬಿನ ಕವರ್, ಕೈಚೀಲಗಳೇ ಹೆಚ್ಚು. ಕೊಳ್ಳುವವರ ರುಚಿಗೆ ತಕ್ಕಂತೆ ಬಣ್ಣ ಮೆತ್ತಗಾಗುತ್ತದೆ, ಹೊಲಿಗೆಗಳ ನಡುವೆ ಖಾಲಿ ಜಾಗ ಬಿಡಲಾಗುತ್ತದೆ.

ಹಳತು, ಹೊಸತನ್ನು ಬೇರ್ಪಡಿಸುವಾಗ ಬಣ್ಣಕ್ಕಿಂತ ನೋಡಬೇಕಾದ್ದು ವಿನ್ಯಾಸವನ್ನು ಯಾರು ತೀರ್ಮಾನಿಸುತ್ತಾರೆ ಎಂಬುದನ್ನು. ಬೂದು ಬಣ್ಣದ ಚೀಲದ ಮೇಲೂ ಹೆಂಗಸು ತಾನೇ ಎಣಿಸಿ ಮೂಲೆ ತಿರುಗಿಸಿದರೆ ಅದು ಪರಂಪರೆಯೇ. ಯಾರೋ ಗೀಚಿ ಕೊಟ್ಟ ಗೆರೆಯ ಮೇಲೆ ದಾರ ತುಂಬಿದ್ದಷ್ಟೇ ಆದರೆ, ಕನ್ನಡಿ ಎಷ್ಟೇ ಇದ್ದರೂ ಅದು ಕೂಲಿ ಕೆಲಸ. ಆದ್ದರಿಂದ ತರಬೇತಿ ನೀಡುವವರು ಮಾದರಿ ಹಾಳೆಗಿಂತ ಮೊದಲು ಎಳೆ ಎಣಿಕೆ ಬಲ್ಲ ಅಜ್ಜಿಯರನ್ನು ಸಂಬಳ ಕೊಟ್ಟು ಕರೆಯಬೇಕು.