ಎರೆಹೊಲದ ಹಕ್ಕಿ ಕಾವಲು: ಸೂಡಿ ಸೀಮೆಯ ಒಂದು ಟಿಪ್ಪಣಿ

ಫಿನ್ಲೆಂಡಿನಿಂದ ಸೈಬೀರಿಯಾದವರೆಗೆ ಹಬ್ಬಿದ ಸೂಚಿಪರ್ಣಿ ಕಾಡುಗಳಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲ ಬಹಳ ಚಿಕ್ಕದು. ಮೇ ಕೊನೆಯಿಂದ ಜುಲೈವರೆಗೆ ಅಲ್ಲಿನ ಸಂಶೋಧನಾ ಕೇಂದ್ರಗಳಲ್ಲಿ ಕೈತುಂಬ ಕೆಲಸ: ನಸುಕಿನಲ್ಲಿ ಬಲೆ ಕಟ್ಟುವುದು, ಗೂಡು ಎಣಿಸುವುದು, ಮರಿಗಳ ಕಾಲಿಗೆ ಉಂಗುರ ತೊಡಿಸುವುದು. ಫಿನ್ಲೆಂಡಿನಲ್ಲಿ ಉಂಗುರದ ಕೆಲಸ 1913ರಿಂದಲೇ ನಡೆದಿದೆ. ಆ ಹಕ್ಕಿಗಳಲ್ಲಿ ಹಲವು ವರ್ಷದ ಹೆಚ್ಚಿನ ಪಾಲನ್ನು ಕಳೆಯುವುದು ಮಾತ್ರ ಭಾರತದಲ್ಲಿ. ಗದಗ ಜಿಲ್ಲೆಯ ರೋಣ ಮತ್ತು ಗಜೇಂದ್ರಗಡಗಳ ನಡುವಿನ ಸೂಡಿಯಂಥ ಊರುಗಳ ಎರೆಹೊಲ, ಬೇಲಿ, ಹಳ್ಳಗಳಲ್ಲಿ. ಈ ಎರಡನೆಯ ಬದುಕಿನ ದಾಖಲೆ ನಮ್ಮಲ್ಲಿ ತೀರಾ ತೆಳು. ಅದನ್ನು ತುಂಬಲು ಹಿಂಗಾರಿ ಜೋಳದ ಹಕ್ಕಿ ಕಾವಲಿನ ಅನುಭವ ಎಷ್ಟರಮಟ್ಟಿಗೆ ನೆರವಾದೀತು ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಈ ಉತ್ತರ–ದಕ್ಷಿಣದ ನಂಟನ್ನು ಕರ್ನಾಟಕ ಹಿಂದೊಮ್ಮೆ ಗಂಭೀರವಾಗಿ ಯೋಚಿಸಬೇಕಾಗಿ ಬಂದಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಹರಡಿದಾಗ ಪತ್ತೆಯಾದ ವೈರಸ್ ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ತಂದವೇ ಎಂಬ ಶಂಕೆ ಎದ್ದಿತು. ಸಾಲಿಂ ಅಲಿ ಅವರ ಮುಂದಾಳತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಲು ಈ ಶಂಕೆಯೂ ಒಂದು ಕಾರಣ. ರೋಗ ಸ್ಥಳೀಯ ಉಣ್ಣೆಗಳಿಂದಲೇ ಹರಡುತ್ತದೆಂದು ಮುಂದೆ ಸ್ಪಷ್ಟವಾಯಿತು. ಆದರೆ ನಮ್ಮ ಚಳಿಗಾಲದ ಹಕ್ಕಿಗಳ ಬಗ್ಗೆ ಬಲವಾದ ತಿಳಿವಳಿಕೆಯೊಂದು ಆ ಕೆಲಸದಿಂದ ದಕ್ಕಿತು.

ಸೂಡಿ ಸೀಮೆಯಲ್ಲಿ ಉತ್ತರಿ, ಹಸ್ತಿ ಮಳೆಗಳ ಹದಕ್ಕೆ ಬಿಳಿಜೋಳ ಬಿತ್ತುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವ ಸುಮಾರಿಗೆ ತೆನೆ ಹಾಲುಗಾಳಿಗೆ ಬರುತ್ತಿರುತ್ತದೆ. ಆಗ ಶುರುವಾಗುವುದೇ ಕಾವಲು. ಮುಂಜಾನೆ ಮತ್ತು ಸಂಜೆ, ಅಂದರೆ ಹಕ್ಕಿ ಮೇಯುವ ಹೊತ್ತಿಗೆ ಸರಿಯಾಗಿ, ಒಬ್ಬರು ಮಂಚಿಗೆ ಏರಿ ಕವಣಿ ಬೀಸುತ್ತಾರೆ, ಡಬ್ಬಿ ಬಡಿಯುತ್ತಾರೆ, ಕೂಗು ಹಾಕುತ್ತಾರೆ. ಒಂದೇ ಜಾಗ, ಗೊತ್ತಾದ ಹೊತ್ತು, ವಾರಗಟ್ಟಲೆ ದಿನಾ: ಗಣತಿಗೆ ಬೇಕಾದ ಶಿಸ್ತಿನ ಮುಖ್ಯ ಅಂಶಗಳೆಲ್ಲ ಇದರಲ್ಲಿವೆ. ಹೀಗೆ ಕಾದವರ ಕಣ್ಣಿಗೆ ಕಾಳು ತಿನ್ನುವ ಹಕ್ಕಿ ತಪ್ಪುವುದಿಲ್ಲ. ಗುಲಾಬಿ ಕಬ್ಬಕ್ಕಿಯ ಹಿಂಡು, ಕರಿತಲೆ ಮತ್ತು ಕೆಂಪುತಲೆ ಬಂಟಿಂಗ್‌ಗಳು, ಉತ್ತರದ ಕಾಡಂಚಿನಲ್ಲಿ ಮರಿ ಮಾಡುವ ರೋಸ್‌ಫಿಂಚ್ ಈ ಸಾಲಿನವು. ಎರಡು ಬಂಟಿಂಗ್‌ಗಳ ಹೆಣ್ಣುಗಳನ್ನು ಚಳಿಗಾಲದಲ್ಲಿ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ; ಅವನ್ನು ಒಟ್ಟಾಗಿ ಬರೆಯುವುದೇ ಪ್ರಾಮಾಣಿಕ ಕ್ರಮ.

ಈ ಅನುಭವಕ್ಕೆ ಒಂದು ಮಿತಿಯಿದೆ. ಬೆಳೆಗೆ ಕಂಟಕವಾಗದ ಹಕ್ಕಿ ಕಾವಲಿನವರ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ಉತ್ತರದ ಕಾಡಿನಿಂದ ಬರುವವುಗಳಲ್ಲಿ ಹೆಚ್ಚಿನವು ಹುಳ ತಿನ್ನುವಂಥವು. ಬ್ಲಿತ್ ಜೊಂಡು ಉಲಿಯಕ್ಕಿಯನ್ನೇ ತೆಗೆದುಕೊಳ್ಳಿ. ಗುಬ್ಬಿಗಿಂತ ಚಿಕ್ಕದು, ಮಾಸಲು ಕಂದು, ನೋಡಲು ಏನೂ ವಿಶೇಷವಿಲ್ಲ. ಜಾಲಿಯ ಬೇಲಿಯೊಳಗಿಂದ ‘ಚೆಕ್, ಚೆಕ್’ ಎಂಬ ಒಣ ದನಿ ಬಂದರೆ ಮಾತ್ರ ಅದರ ಇರವು ಗೊತ್ತಾಗುತ್ತದೆ. ಅದು ಮರಿ ಮಾಡುವ ಸೀಮೆ ಫಿನ್ಲೆಂಡಿನವರೆಗೂ ಇದೆ. ಸೂಡಿಯಿಂದ ನೇರ ಗೆರೆ ಎಳೆದರೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು. ಚಳಿಗಾಲಕ್ಕೆ ಈ ಜಾತಿ ಭಾರತ ಉಪಖಂಡವನ್ನೇ ನೆಚ್ಚಿದೆ, ಹಳೆಯ ರೆಕ್ಕೆಗರಿ ಉದುರಿಸಿ ಹೊಸತು ತಳೆಯುವುದೂ ಇಲ್ಲೇ. ಹೊಲದ ಬದುವಿನ ಬೇಲಿ ಸವರಿ ಹಾಕಿದರೆ ಅದಕ್ಕಾಗುವ ನಷ್ಟ ಉತ್ತರದ ಯಾವ ಕೇಂದ್ರದಲ್ಲೂ ಕಾಣದು. ಜೋಡುಕಳಸದ ಗುಡಿ, ನಾಗಕುಂಡಗಳನ್ನು ನೋಡಲು ಸೂಡಿಗೆ ಬರುವವರು ಒಂದಿಷ್ಟು ಹೊತ್ತು ಹತ್ತಿರದ ಪೊದೆಗಳಿಗೂ ಕಿವಿಗೊಡಲಿ ಎಂದು ನನ್ನ ಆಸೆ.

ಹಸಿರು ಗದ್ದೆಗೊರವ ಇನ್ನೂ ವಿಚಿತ್ರ. ನೀರಂಚಿನ ಹಕ್ಕಿಯಾದರೂ ಉತ್ತರದ ಜೌಗು ಕಾಡಿನಲ್ಲಿ ಮರದ ಮೇಲೆ, ಬೇರೆ ಹಕ್ಕಿ ಬಿಟ್ಟುಹೋದ ಹಳೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಹೆಣ್ಣುಗಳು ಮರಿಗಳನ್ನು ಗಂಡಿನ ಪಾಲಿಗೆ ಬಿಟ್ಟು ಬೇಗ ಹೊರಡುತ್ತವೆ. ಹೀಗಾಗಿ ಜುಲೈ–ಆಗಸ್ಟಿಗೇ, ನಮ್ಮಲ್ಲಿ ಹೆಸರು ಬೆಳೆ ಹೊಲದಲ್ಲಿರುವಾಗಲೇ, ಮೊದಲ ಹಕ್ಕಿಗಳು ದಕ್ಷಿಣ ಮುಟ್ಟಿರುತ್ತವೆ. ಸಣ್ಣ ನೀರಿದ್ದರೂ ಸಾಕು ಅದಕ್ಕೆ, ಸಾಮಾನ್ಯವಾಗಿ ಒಂಟಿ. ಎದ್ದು ಹಾರಿದಾಗ ಬೆನ್ನ ಕೆಳಗಿನ ಅಚ್ಚ ಬಿಳುಪು ಮತ್ತು ರೆಕ್ಕೆಯಡಿಯ ಕಪ್ಪು ನೋಡಿದರೆ ಗುರುತು ಖಚಿತ. ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳ ಕಾರಣದಿಂದ ಹೆಸರಿದೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಎಣಿಸುವವರಿದ್ದಾರೆ. ಕೃಷಿಹೊಂಡದ ದಂಡೆಯ ಒಂಟಿ ಗೊರವವನ್ನು ಎಣಿಸುವವರು ಬೇಕಾಗಿದ್ದಾರೆ.

ದಾಖಲೆಗೆ ಮಳೆ ನಕ್ಷತ್ರಗಳನ್ನೇ ಅವಧಿಯಾಗಿ ಹಿಡಿಯಬಹುದೆಂಬುದು ನನ್ನ ಸಲಹೆ. ಒಂದೊಂದು ಮಳೆ 13–14 ದಿನ. ಅಮಾವಾಸ್ಯೆ, ಹುಣ್ಣಿಮೆಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತವೆ. ಮಳೆ ನಕ್ಷತ್ರ ಸೂರ್ಯನ ಗತಿಗೆ ಕಟ್ಟಿದ್ದು, ಆದ್ದರಿಂದ ಹಸ್ತಿ ಪ್ರತಿ ವರ್ಷವೂ ಸೆಪ್ಟೆಂಬರ್ 27ರ ಆಸುಪಾಸಿಗೇ ಹುಟ್ಟುತ್ತದೆ. ರೈತರಿಗೆ ಇದು ಬಾಯಿಪಾಠ, ವಿಜ್ಞಾನಕ್ಕೂ ಹೊಂದುತ್ತದೆ. ಪ್ರತಿ ಮಳೆಯಲ್ಲಿ ಒಮ್ಮೆ, ಊರಿನಿಂದ ಹೊಲದವರೆಗೆ ಅದೇ ದಾರಿ, ಅದೇ ಹೊತ್ತು; ಹಕ್ಕಿ ಕಾಣದಿದ್ದರೆ ಸೊನ್ನೆಯನ್ನೂ ಬರೆಯಬೇಕು. ಸೊನ್ನೆಯಿಲ್ಲದ ಪಟ್ಟಿಯಿಂದ ಇಳಿಕೆ ಏರಿಕೆ ಹೇಳಲಾಗದು.

ಇದಕ್ಕೆ ಅವಸರವಿದೆ. ಎರೆಸೀಮೆಯಲ್ಲಿ ಜೋಳದ ಜಾಗಕ್ಕೆ ಕಡಲೆ ಬರುತ್ತಿದೆ. ಕಡಲೆಗೆ ಹಕ್ಕಿ ಕಾಯುವ ಗೊಡವೆಯಿಲ್ಲ, ಹಾಗಾಗಿ ಮಂಚಿಗೆ ಏರುವವರೂ ಕಡಿಮೆಯಾಗುತ್ತಿದ್ದಾರೆ. ಬಂಟಿಂಗ್ ಹಿಂಡು ಕಾಣದಾದರೆ ಅದು ಉತ್ತರದಲ್ಲಿ ಆದ ಕುಸಿತವೋ, ಇಲ್ಲಿ ಜೋಳ ಹೋದದ್ದರ ಪರಿಣಾಮವೋ ಎಂದು ತೀರ್ಮಾನಿಸಲು ಹಿಂದಿನ ಸ್ಥಿತಿ ಗೊತ್ತಿರಬೇಕು. ಕವಣಿ ಬೀಸಿದ ಹಿರಿಯರನ್ನು ಕೂರಿಸಿಕೊಂಡು, ಬಣ್ಣದ ಚಿತ್ರ ಮುಂದಿಟ್ಟು, ಯಾವ ಹಕ್ಕಿ ಯಾವ ಮಳೆಗೆ ಬರುತ್ತಿತ್ತು, ಎಷ್ಟು ದೊಡ್ಡ ಹಿಂಡು, ಯಾವ ದಿಕ್ಕಿನಿಂದ ಎಂದು ಊರೂರಿನಲ್ಲಿ ಕೇಳಿ ಬರೆದುಕೊಳ್ಳುವುದು ಮೊದಲ ಕೆಲಸ. ಹೊಲದ ನಡಿಗೆಯನ್ನು ಮುಂದಿನ ಉತ್ತರಿ ಮಳೆಯಿಂದ ಆರಂಭಿಸಬಹುದು.