ಡೈನಮೋ ಕಾಲದ ಗಾಡಿಗಳು

ಶಿರಸಿ ಬಳಿಯ ಭೈರುಂಬೆ ಸುತ್ತಿನ ಹಳೇ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗಕ್ಕೂ ಒಂದು ಲೆಕ್ಕವಿತ್ತು. ನೆರಳು, ಚಪ್ಪರ ಎಲ್ಲ ಆಮೇಲೆ. ಮೊದಲು ನೋಡುತ್ತಿದ್ದುದು ಇಳಿಜಾರು. ಗಾಡಿಯ ಮೂತಿ ತಗ್ಗಿನ ಕಡೆ ಮಾಡಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿಟ್ಟರೆ ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೂ ಚಿಂತೆಯಿಲ್ಲ. ಕಲ್ಲು ತೆಗೆದು, ಎರಡನೇ ಗೇರಿನಲ್ಲಿ ಉರುಳಿಸಿ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿಯುತ್ತಿತ್ತು. ಮದುವೆಮನೆಗೆ ಹೋದರೂ ಯಜಮಾನರು ಅಂಗಳದಿಂದಲೇ ಕೂಗುತ್ತಿದ್ದರು: "ಇಳಿಜಾರಲ್ಲೇ ನಿಲ್ಸು ತಮಾ, ಮತ್ತೆ ಹೋಪಲೆ ತ್ರಾಸಾಗ್ತು!"

ಎಲ್ಲರೂ ಬೈಯುತ್ತಿದ್ದುದು ಬ್ಯಾಟರಿಯನ್ನು. ಶಿರಸಿಯಲ್ಲಿ ವೈರಿಂಗ್ ಕಲಿತು ಅದರಲ್ಲೇ ಹೊಟ್ಟೆ ಹೊರೆದ ನನ್ನನ್ನು ಕೇಳಿದರೆ, ಬ್ಯಾಟರಿ ಪಾಪದ್ದು. ಅದನ್ನು ತುಂಬುವ ಡೈನಮೋ ಬೇಡುವ ವೇಗವನ್ನು ನಮ್ಮ ರಸ್ತೆಗಳು ಕೊಡಲೇ ಇಲ್ಲ.

ಆ ಗಾಡಿಗಳ ಪೈಕಿ ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ. ಹಿಂದುಸ್ತಾನ್ ಮೋಟರ್ಸ್‌ನವರು ಬಂಗಾಳದ ಉತ್ತರಪಾಡಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೂ ಅದನ್ನು ಮಾಡಿದರು. ಹಳೇ ಗಾಡಿಯಲ್ಲಿ 1489 ಸಿಸಿ ಪೆಟ್ರೋಲ್ ಎಂಜಿನ್. ಅದರ ಪಕ್ಕದಲ್ಲಿ ಉದ್ದ ಡಬ್ಬಿಯ ಹಾಗೆ ಲೂಕಾಸ್ ಮಾದರಿಯ ಡೈನಮೋ. ಫ್ಯಾನಿಗೂ ಡೈನಮೋಕ್ಕೂ ಒಂದೇ ಬೆಲ್ಟು. 1961ರಲ್ಲಿ ಮದರಾಸಿನ ಪಾಡಿಯಲ್ಲಿ ಲೂಕಾಸ್-ಟಿವಿಎಸ್ ಶುರುವಾದ ಮೇಲೆ ಈ ಸಾಮಾನು ಇಲ್ಲಿಯೇ ತಯಾರಾಗತೊಡಗಿತು.

ಆ ಡೈನಮೋ ಪೂರ್ತಿ ತಿರುಗಿದರೆ ಇಪ್ಪತ್ತರ ಆಸುಪಾಸು ಆಂಪಿಯರ್ ಕೊಡುತ್ತದೆ. ಐಡ್ಲಿಂಗಿನಲ್ಲಿ ಏನೂ ಇಲ್ಲ. ಈಗ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ಗಾಡಿಯನ್ನು ನೆನೆಯಿರಿ: ಆಷಾಢದ ರಾತ್ರಿ, ಮುಂದೊಂದು ಲೋಡ್ ಲಾರಿ. ಹೆಡ್‌ಲೈಟೇ ಏಳೆಂಟು ಆಂಪಿಯರ್ ಎಳೆಯುತ್ತದೆ. ಅದರ ಮೇಲೆ ವೈಪರು, ಇಗ್ನಿಷನ್ ಕಾಯಿಲ್, ಹಿಂದಿನ ದೀಪ. ಲಾರಿಯ ಹಿಂದೆ ತೆವಳುವಾಗ ಡೈನಮೋ ಅರ್ಧದಷ್ಟೂ ಕೊಡದು, ಉಳಿದದ್ದನ್ನು ಬ್ಯಾಟರಿಯೇ ಕೈಯಿಂದ ಹಾಕಬೇಕು. ಘಟ್ಟ ಹತ್ತಿದ ಮೇಲಾದರೂ ತುಂಬಿಕೊಳ್ಳೋಣವೆಂದರೆ ಹೊಂಡದ ರಸ್ತೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ಗರ್ದಿಯಲ್ಲಿ ಲೈಟ್ ಹಚ್ಚಿಕೊಂಡೇ ನಿಂತವರ ಕಥೆಯೂ ಇದೇ. ಮಳೆಗಾಲದಲ್ಲಿ ಬೆಲ್ಟು ಒದ್ದೆಯಾಗಿ ಜಾರುತ್ತದೆ, ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಯುತ್ತದೆ, ಕೊಟ್ಟಿಗೆಯ ಇಲಿ ವೈರು ಕಡಿಯುತ್ತದೆ.

ನನ್ನ ಉಸ್ತಾದ್ ಗಾಡಿ ಬಂದ ಕೂಡಲೇ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಮೊದಲು ಹೆಬ್ಬೆರಳಿನಿಂದ ಬೆಲ್ಟ್ ಒತ್ತಿ ನೋಡುವುದು. ಅರ್ಧ ಇಂಚು ಬಗ್ಗಿದರೆ ಸರಿ. ಆಮೇಲೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ. ಅದಾದ ಮೇಲೆಯೇ ಡೈನಮೋ. ಹಿಂಬದಿಯ ಡಿ ಮತ್ತು ಎಫ್ ಎಂಬ ಎರಡು ವೈರು ಬಿಡಿಸಿ, ಆ ಎರಡೂ ಟರ್ಮಿನಲ್ಲುಗಳನ್ನು ತುಂಡು ವೈರಿನಿಂದ ಕೂಡಿಸಿ, ಅಲ್ಲಿಂದ ಬಾಡಿಗೆ ಒಂದು 12 ವೋಲ್ಟಿನ ಬಲ್ಬು ಹಿಡಿಯುತ್ತಿದ್ದರು. ನಾನು ಎಕ್ಸಿಲರೇಟರನ್ನು ನಿಧಾನ ಎತ್ತಬೇಕು. ಬಲ್ಬು ಕೆಂಪಾಗಿ, ಹಳದಿಯಾಗಿ, ಬೆಳ್ಳಗಾದರೆ "ಬಸ್, ಡೈನಮೋ ಜೀವಂತ ಇದೆ, ಕಟೌಟ್ ಬಿಚ್ಚು" ಎನ್ನುತ್ತಿದ್ದರು. ಇನ್ನೂ ಎತ್ತಿದರೆ ಬಲ್ಬೇ ಸುಟ್ಟುಹೋಗುತ್ತದೆ.

ಕಟೌಟ್ ಎಂದರೆ ಬಾಗಿಲು ಕಾಯುವವನು. ಡೈನಮೋದ ವೋಲ್ಟೇಜು ಬ್ಯಾಟರಿಯದಕ್ಕಿಂತ ಮೇಲೇರಿದಾಗ, ಹೆಚ್ಚುಕಡಿಮೆ 13 ವೋಲ್ಟಿಗೆ, ಅದರ ಪಾಯಿಂಟು ಕೂಡಬೇಕು, ಇಳಿದಾಗ ಬಿಡಬೇಕು. ಬಿಡದೆ ಅಂಟಿಕೊಂಡರೆ ಗಾಡಿ ನಿಂತ ಮೇಲೆ ಬ್ಯಾಟರಿಯ ಕರೆಂಟೆಲ್ಲ ಡೈನಮೋಕ್ಕೆ ಹರಿದು ಬೆಳಗಾಗುವಷ್ಟರಲ್ಲಿ ಖಾಲಿ. ಕಟೌಟ್ ಡಬ್ಬಿಯೊಳಗಿನ ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಗ್ಗಿಸಿ ಸರಿ ಮಾಡುವ ಕೈ ಶಿರಸಿಯಲ್ಲಿ ಎಲ್ಲರಿಗೂ ಇರಲಿಲ್ಲ. ಡೈನಮೋದ ಆರ್ಮೇಚರ್ ಸುಟ್ಟಿದ್ದರೆ ಹುಬ್ಬಳ್ಳಿಗೆ ಕಳಿಸಿ ವೈಂಡಿಂಗ್ ಮಾಡಿಸುವುದೇ.

ನನಗೆ ಬಹಳ ಹಿಡಿಸಿದ್ದು ಡೈನಮೋದೊಳಗಿನ ಕಮ್ಯುಟೇಟರ್ ಕೆಲಸ. ತಾಮ್ರದ ಪಟ್ಟಿಗಳ ನಡುವೆ ಅಭ್ರಕವಿರುತ್ತದೆ. ತಾಮ್ರ ಸವೆದಂತೆ ಅಭ್ರಕ ಮೇಲೆದ್ದು ಕಾರ್ಬನ್ ಬ್ರಷ್ ಕುಣಿಯತೊಡಗುತ್ತದೆ, ಕಿಡಿ ಹಾರುತ್ತದೆ. ಹ್ಯಾಕ್ಸಾ ಬ್ಲೇಡಿನ ಎರಡೂ ಮಗ್ಗುಲನ್ನು ಮಸೆದು ತೆಳ್ಳಗೆ ಮಾಡಿಕೊಂಡು, ಪಟ್ಟಿ ಪಟ್ಟಿಯ ಸಂದಿನಲ್ಲೂ ಅಭ್ರಕವನ್ನು ಮಿಲಿಮೀಟರಿಗಿಂತ ತುಸು ಕಡಿಮೆ ಕೆರೆಯಬೇಕು. ಎಮರಿ ಪೇಪರ್ ಹಚ್ಚಬಾರದು, ಅದರ ಪುಡಿ ಸಂದಿನಲ್ಲಿ ಕೂತರೆ ಶಾರ್ಟ್. ಕೊನೆಗೆ ಪೆಟ್ರೋಲ್ ಅದ್ದಿದ ಬಟ್ಟೆ.

ಬ್ರಿಟನ್ನಿನಲ್ಲಿ ಲೂಕಾಸ್ ಕಂಪನಿಯ ಹೆಸರೆತ್ತಿ ಕತ್ತಲೆಯ ರಾಜಕುಮಾರನೆಂದು ಗೇಲಿ ಮಾಡುತ್ತಾರೆ. ಆ ಗೇಲಿಯನ್ನು ನಾನು ಒಪ್ಪುವುದಿಲ್ಲ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಹೆಚ್ಚಿನವು ಕಿಲುಬು ಹಿಡಿದ ಅರ್ತಿನಿಂದಲೇ ಕೆಟ್ಟವು. ಅದಕ್ಕೆ ಕಂಪನಿ ಏನು ಮಾಡೀತು?

ಡೈನಮೋ ವಿದ್ಯೆಯ ಬೆಲೆ ಇಳಿಸಿದ್ದು ಆಲ್ಟರ್ನೇಟರ್. ಅಮೆರಿಕದಲ್ಲಿ ಕ್ರೈಸ್ಲರ್‌ನವರು 1960ರಲ್ಲೇ ಕಾರಿಗೆ ಹಾಕಿದ್ದರು. ಸಿಲಿಕಾನ್ ಡಯೋಡ್ ಅಗ್ಗವಾದದ್ದರ ಫಲ ಅದು. ಕರೆಂಟ್ ಹಿಂದೆ ಹರಿಯದಂತೆ ಡಯೋಡೇ ತಡೆಯುವುದರಿಂದ ಕಟೌಟ್ ಬೇಡ. ಐಡ್ಲಿಂಗಿನಲ್ಲೂ ಚಾರ್ಜ್ ಆಗುತ್ತದೆ. 1983ರ ಡಿಸೆಂಬರಿನಲ್ಲಿ ಆಲ್ಟರ್ನೇಟರ್ ಇದ್ದ ಮಾರುತಿ 800 ಬಂತು. ನಮ್ಮ ಕಡೆ ತೋಟದವರ ಮನೆಗಳಿಗೆ ಅದು ಮುಟ್ಟುವಷ್ಟರಲ್ಲಿ ಕೆಲ ವರ್ಷವೇ ಆಯಿತು, ಆದರೆ ಮುಟ್ಟಿದ ಮೇಲೆ ಇಳಿಜಾರು ಹುಡುಕುವವರು ಕಡಿಮೆಯಾದರು. ಹುಡುಗರೂ ಕಟೌಟ್ ಕಲಿಯಲು ಬರುವುದನ್ನು ಬಿಟ್ಟರು.

ಈಗಲೂ ಯಾರಾದರೂ ಅಜ್ಜನ ಕಾಲದ ಅಂಬಾಸಿಡರ್ ತಂದು ಆಲ್ಟರ್ನೇಟರ್ ಹಾಕಿಕೊಡು ಎನ್ನುತ್ತಾರೆ. ಹಾಕಿಕೊಡುತ್ತೇನೆ, ಬೇಸರವೇನಿಲ್ಲ. ಹಳೇ ಇಂಗ್ಲಿಷ್ ಪದ್ಧತಿಯಂತೆ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಕೊಟ್ಟಿದ್ದರೆ ಮೊದಲು ಅದನ್ನು ತಿರುಗಿಸಬೇಕು, ಇಲ್ಲವಾದರೆ ಡಯೋಡುಗಳು ಕ್ಷಣದಲ್ಲಿ ಹೋಗುತ್ತವೆ. ಕಟೌಟ್ ಡಬ್ಬಿ ಮಾತ್ರ ಕಿತ್ತೆಸೆಯಬೇಡಿ ಎನ್ನುತ್ತೇನೆ: ಒಳಗಿನದನ್ನು ತೆಗೆದು ಅದರ ಟರ್ಮಿನಲ್ಲುಗಳಲ್ಲೇ ಹೊಸ ವೈರು ಕೂಡಿಸಬಹುದು, ಬಾನೆಟ್ ಎತ್ತಿದವರಿಗೆ ಗೊತ್ತೂ ಆಗುವುದಿಲ್ಲ.